ಖಾಲಿ ಗೋಣಿ

ರಾತ್ರಿ ಕಡಂಬುಟ್ಟು ಮುರಿಯುತ್ತ ದೇಚು ಹೇಳಿದಳು:
"ಅಪ್ಪ, ಇವತ್ತು ನಿನಗೆ ಎರಡು ಕಿಲೋ ಉಳಿಸಿದೆ."

ಹೇಗೆ ಎಂದೆ. ಕುರ್ಚಿ ಇಳಿದು ಮಾಡಿ ತೋರಿಸಿದಳು:
ಕೊಕ್ಕೆಗೆ ಚೋಮಿಯ ಗೋಣಿ ತೂಗುತ್ತಿರುವಾಗ
ಹಿಂದೆ ನಿಂತು, ಹೀಗೆ, ಮೊಣಕಾಲು ಕೊಟ್ಟಳಂತೆ.
ಅರವತ್ತನಾಲ್ಕರಲ್ಲಿದ್ದ ಮುಳ್ಳು
ಅರವತ್ತೆರಡಕ್ಕೆ ಜಾರಿತಂತೆ.
"ನೀನೂ ನೋಡಲಿಲ್ಲ!"
ಅದೇ ದೊಡ್ಡ ಗೆಲುವು.
ಎಂಟು ವರ್ಷ. ಮುಂದಿನ ಹಲ್ಲುಗಳು ಇನ್ನೂ ಅರ್ಧ ಬಂದಿವೆ.

ಅವ್ವ ಗಂಜಿಯ ಬಟ್ಟಲು ಕೆಳಗಿಟ್ಟಳು.
"ಗುರುಕಾರೋಣರು ನೋಡ್ತಿರ್ತಾರೆ ಅಂತ ಹೇಳಿ ಬೆಳೆಸಿದ್ದರೆ
ಆ ಮೊಣಕಾಲು ಏಳ್ತಿರಲಿಲ್ಲ" ಎಂದಳು,
ನನ್ನ ಕಡೆ ನೋಡದೆ.

ನನಗೂ ಹಾಗೇ ಹೇಳಿ ಬೆಳೆಸಿದ್ದಳು.
ನಡುಮನೆಯ ದೀಪ ಆರುವವರೆಗೆ ಕಾದು
ಆಮೇಲೆ ಪಕ್ಕದ ತೋಟದ ಕಿತ್ತಳೆ ಕದ್ದೆ.
ಕತ್ತಲಲ್ಲಿ ಹಿರಿಯರಿಗೂ ಕಣ್ಣು ಕಾಣದು ಎಂಬ ಲೆಕ್ಕ.
ಸಿಪ್ಪೆ ಕೆರೆಗೆಸೆದೆ, ಬೆಳಿಗ್ಗೆ ತೇಲುತ್ತಿತ್ತು.
ದೀಪಕ್ಕೆ ತುಪ್ಪ ಹಾಕಿಸಿ, ಕೈ ಮುಗಿಸಿ, ತಪ್ಪಾಯ್ತು ಅನ್ನಿಸಿದರು.
ಕಿತ್ತಳೆ ಯಾರದ್ದೆಂದು
ಯಾರೂ ಕೇಳಲಿಲ್ಲ.

ದೇಚುಗೆ ನಾನು ಹಿರಿಯರ ಹೆಸರು ಹೇಳಲಿಲ್ಲ.
ಭಾನುವಾರ ಕೈಗೆ ಬುಟ್ಟಿ ಕೊಟ್ಟು
ರೋಬಸ್ಟಾ ಗಿಡದ ಕೆಳಗೆ ನಿಲ್ಲಿಸಿದೆ.
ಎರಡು ಕಿಲೋ ಕೊಯ್ಯಿ, ಎಂದೆ, ಅಷ್ಟೇ.
ಮೊದಲು ಹಾಡಿಕೊಂಡಳು. ಆಮೇಲೆ ಹಾಡು ನಿಂತಿತು.
ಕೆಂಜಿರುವೆ ಕುತ್ತಿಗೆಯೊಳಗೆ ಇಳಿಯಿತು.
ಎಟುಕದ ರೆಂಬೆಯನ್ನು ಬಗ್ಗಿಸಿ ಕೊಡಲಾ ಎಂದೆ,
ಬೇಡ ಎಂದಳು, ಸಿಟ್ಟಿನಿಂದ.
ಹಣ್ಣಿನ ಅಂಟು ಬೆರಳಿಗೆ ಕಪ್ಪಾಗಿ ಮೆತ್ತಿತು.
ತೂಗಿದರೆ ಒಂದೂವರೆ. ಮತ್ತೆ ಹೋದಳು.

ಎರಡು ಕಿಲೋ ಕೂಲಿ ಹತ್ತು ರೂಪಾಯಿ.
ಪಾಲಿಬೆಟ್ಟದ ಅಂಗಡಿಯಲ್ಲಿ ಒಂದು ಚಾಕೊಲೇಟು.
ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿ
ನನ್ನ ಮುಖ ನೋಡಿದಳು. ಇಷ್ಟಕ್ಕಾ?

ಆನೆ ಇಳಿಯುವ ಹೊತ್ತಿಗೆ ಮೊದಲೇ ಲೈನ್ ಮನೆಗೆ ಹೋದೆವು.
ಚೋಮಿ ಅಂಗಳದಲ್ಲಿ ಸೌದೆ ಸೀಳುತ್ತಿದ್ದಳು.
ದೇಚು ಎಲ್ಲ ಹೇಳಿದಳು, ಮೊಣಕಾಲಿನ ತನಕ,
ನೋಟು ಚಾಚಿದಳು.
ಚೋಮಿ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು
"ಗೊತ್ತಿತ್ತು" ಎಂದಳು.
"ನೋಡಿದೆಯಾ?"
"ನನ್ನ ಬೆನ್ನು ಹೊತ್ತ ಗೋಣಿ. ನೋಡಬೇಕಾ?"
"ಮತ್ತೆ ಯಾಕೆ ಹೇಳಲಿಲ್ಲ?"
ಅದಕ್ಕೆ ಚೋಮಿ ದೇಚುವನ್ನು ಬಿಟ್ಟು
ನನ್ನ ಕಡೆ ನೋಡಿದಳು. ಕೊಡಲಿ ಮತ್ತೆ ಎತ್ತಿಕೊಂಡಳು.

ಬರುವ ದಾರಿಯಲ್ಲಿ ಮಗಳು ಮಾತಾಡಲಿಲ್ಲ.
ಸೋಲಾರ್ ಬೇಲಿಯ ಹತ್ತಿರ ನಿಂತು ಕೇಳಿದಳು:
"ಪ್ರತಿ ಗೋಣಿಗೂ ಎರಡು ಕಿಲೋ ಕಳೆದು ಬರೀತೀಯಲ್ಲ,
ಅದು ಯಾರ ಮೊಣಕಾಲು?"

ಅದು ಗೋಣಿಯ ತೂಕ, ಎಂದೆ.
ಅಜ್ಜನ ಕಾಲದಿಂದ ಹಾಗೇ, ಎಂದೆ.
"ಖಾಲಿ ಗೋಣಿ ತೂಗಿದ್ದೀಯಾ?"

ಕಣದಲ್ಲಿ ಟಾರ್ಚು ಹಿಡಿದವಳು ಅವಳೇ.
ಕೊಕ್ಕೆಗೆ ಖಾಲಿ ಗೋಣಿ ಸಿಕ್ಕಿಸಿದೆ. ಗಾಳಿಗೆ ಸ್ವಲ್ಪ ಆಡಿತು.
ಮುಳ್ಳು ಒಂದನ್ನೂ ಮುಟ್ಟಲಿಲ್ಲ.
ಮಂಜಿಗೆ ನೆನೆದಿರಬಹುದೆಂದು ಇನ್ನೊಂದು ಹಾಕಿದೆ.
ಇನ್ನೊಂದು. ಎಲ್ಲವೂ ಅಷ್ಟೇ.
ಬೈಯಲಿಲ್ಲ ಅವಳು. ಟಾರ್ಚು ಆರಿಸಲೂ ಇಲ್ಲ.
ಒಳಗೆ ಅವ್ವ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು,
ಕಿಟಕಿಯಿಂದ ಬೆಳಕು
ನನ್ನ ಚಪ್ಪಲಿಯವರೆಗೆ ಬಂದು ನಿಂತಿತ್ತು.

ಸೋಮವಾರ ಸಂಜೆ ಎಲ್ಲರೆದುರು
ಮೊದಲು ಖಾಲಿ ಗೋಣಿಯನ್ನೇ ತೂಗಿದೆ.
ಇನ್ನು ಮುಂದೆ ಗೋಣಿಗೆ ಎಂಟುನೂರು ಗ್ರಾಂ, ಎಂದೆ.
ಧ್ವನಿ ಬೇಕಾದ್ದಕ್ಕಿಂತ ಜೋರಾಗಿತ್ತು.
ಚಪ್ಪಾಳೆ ಏನೂ ಇಲ್ಲ. ಯಾರೋ ಕೆಮ್ಮಿದರು.
ಸಾಲಿನ ಕೊನೆಯಿಂದ ಚೋಮಿ ಕೇಳಿದಳು:
"ಹೋದ ವರ್ಷದ್ದೋ?"

ದೇಚು ಪೆನ್ನಿನ ಮುಚ್ಚಳ ತೆಗೆದು
ನನ್ನ ಕೈಗೆ ಕೊಟ್ಟಳು.