ಗಾಡಿ ಕೂರಬೇಕು

ಹಿಂದಿನ ಸೀಟಿನಲ್ಲಿ ಹಲ್ಲುಗಳು,
ಪ್ಲಾಸ್ಟರಿನವು, ಗುಲಾಬಿ ಮೇಣದವು,
ಒಂದೊಂದು ಡಬ್ಬಿಗೆ ಒಬ್ಬೊಬ್ಬರ ಹೆಸರು.
ವಿದ್ಯಾನಗರದಿಂದ ಹರಿಹರದ ತನಕ
ದಿನಕ್ಕೆ ಒಂಬತ್ತು ಕ್ಲಿನಿಕ್ಕು, ಮೂವತ್ತೊಂದು ಹಂಪು.
ಹಳೇ ಎಸ್ಟೀಮು ಹಂಪು ಇಳಿದಾಗಲೆಲ್ಲ
ಯಾರದೋ ಬಾಯಿ ಚಳಿಗೆ ನಡುಗಿದ ಹಾಗೆ
ಕಟಕಟ.

ಹೊಸ ಶಾಕು ಹಾಕಿಸಿದೆ,
ಬಿಗಿಯೂ ನಮ್ಮ ಕೈಲಿ, ಎತ್ತರವೂ ನಮ್ಮ ಕೈಲಿ ಇರುವಂಥದ್ದು.
ಲ್ಯಾಬಿನ ಎರಡು ತಿಂಗಳ ದುಡಿಮೆ. ಯಾಕೆಂದು ಕೇಳಬೇಡಿ,
ನಲವತ್ತಾರರ ಗಂಡಸಿಗೂ
ಗಾಡಿ ತುಸು ತಗ್ಗಿ ನಿಂತರೆ ಚಂದ ಅನಿಸುತ್ತದೆ.
ಮೊದಲ ದಿನವೇ ಆಸೆ ತೀರುವಷ್ಟು ಇಳಿಸಿದೆ.
ಅಶೋಕ ರಸ್ತೆಯ ಗೇಟಿನಲ್ಲಿ ರೈಲು ಹಳಿ
ಹೊಟ್ಟೆ ಕೆರೆದು ಕಳಿಸಿತು.

ಮಂಡಕ್ಕಿ ಭಟ್ಟಿಯ ಹೊಗೆ ದಾಟಿದರೆ ಚಮನ್‌ಸಾಬರ ಶೆಡ್ಡು.
ಅವರು ಚಕ್ರ ನೋಡಲಿಲ್ಲ, ನನ್ನ ನೋಡಿದರು.
"ತೂಕ ಎಷ್ಟ್ರೀ?"
ಎಪ್ಪತ್ತೆರಡು.
"ಹಂಗಾರೆ ಇಳೀರಿ. ನೀವು ಕುಂತ್ರೆ ಟೇಪು ಇಣುಕಿ ನೋಡ್ತೀರಿ,
ಗಾಡಿ ವಾಲ್ತದೆ."
ನನ್ನ ಜಾಗಕ್ಕೆ ಐವತ್ತರ ಅಕ್ಕಿ ಚೀಲ,
ಅದರ ಮೇಲೆ ಇಪ್ಪತ್ತರ ಇನ್ನೊಂದು,
ಉಳಿದೆರಡು ಕೇಜಿಗೆ ಸ್ಪ್ಯಾನರು ಡಬ್ಬಿ.
ಬೆಲ್ಟು ಬೇರೆ ಹಾಕಿದರು.
ನನಗಿಂತ ನೆಟ್ಟಗೆ ಕೂತಿತ್ತು ಅದು.

ಚಕ್ರದ ನಡುವಿಂದ ಕಮಾನಿನ ಅಂಚಿಗೆ ಟೇಪು:
ಎಡ ಮುನ್ನೂರ ಐವತ್ತೆಂಟು,
ಬಲ ಮುನ್ನೂರ ಐವತ್ತೊಂದು.
"ಏಳು ಮಿಲಿ. ಯಾವಾಗ್ಲೂ ಒಬ್ರೇ ಓಡಾಡ್ತೀರಿ, ಅಲ್ಲೇನು?"
ಹೌದೆಂದೆ. ಅವರು ಮುಂದೆ ಕೇಳಲಿಲ್ಲ.
ಕೊಕ್ಕೆ ಸ್ಪ್ಯಾನರು ಹಾಕಿ
ಬಲಗಡೆ ಬಳೆ ಮೂರು ಸುತ್ತು ಏರಿಸಿದರು.

"ಈಗ ಗುಂಡಿ. ಮೊದಲು ಪೂರ್ತಿ ಬಿಗಿ,
ಅಲ್ಲಿಂದ ಹಿಂದಕ್ಕೆ ಎಣಿಸ್ಕೊಂಡು ಬರ್ರಿ.
ಒಂದು ಸಲಕ್ಕೆ ಒಂದೇ ಮುಟ್ರಿ.
ಎರಡು ಮುಟ್ಟಿದ್ರೆ
ಯಾವುದು ಸುಳ್ಳು ಹೇಳ್ತು ಗೊತ್ತಾಗಲ್ಲ."
ಟಿಕ್. ಟಿಕ್.
ಕಿವಿಗಲ್ಲ, ಬೆರಳಿಗೆ ಕೇಳುವ ಸದ್ದು.

ಸೋಮವಾರ ಹತ್ತು ಟಿಕ್ಕು. ಹಂಪು ದಾಟಿ ಎಷ್ಟೋ ಹೊತ್ತು
ಗಾಡಿ ಹೌದು ಹೌದು ಅಂತ ತಲೆಯಾಡಿಸಿತು.
ಮಂಗಳವಾರ ಮೂರು. ಜಲ್ಲಿಯ ಒಂದೊಂದು ಕಲ್ಲೂ
ಬೆನ್ನಿಗೆ ಬಂದು ತನ್ನ ಹೆಸರು ಹೇಳಿತು,
ಡಬ್ಬಿಯೊಳಗೆ ಯಾರದೋ ಕೋರೆಹಲ್ಲು ಮುರಿಯಿತು.
ಬುಧವಾರ ಆರು.
ಗುರುವಾರ ಏನೂ ಮುಟ್ಟಲಿಲ್ಲ,
ಸ್ಪ್ರಿಂಗು ತಾನೇ ಪಳಗಲಿ ಎಂದು ಬಿಟ್ಟೆ.
ಶುಕ್ರವಾರ ಗೇಟಿನ ಹಳಿ ದಾಟಿದ್ದು
ಆಚೆ ಹೋದ ಮೇಲೆ ತಿಳಿಯಿತು.

ಶನಿವಾರ ಲ್ಯಾಬಿಗೆ ಹಾಲಮ್ಮನೇ ಬಂದಳು.
ಮೇಲಿನ ಸೆಟ್ಟು, ಮೂರನೇ ಸಲ ವಾಪಸ್ಸು.
ಎತ್ತರ ಆಗುತ್ತದಂತೆ, ಡಾಕ್ಟರ ಚೀಟಿ.
ಕೂದಲೆಳೆ ಎತ್ತರ. ಅಷ್ಟಕ್ಕೇ ಇಡೀ ದವಡೆ ಕುಂಟುತ್ತದೆ,
ಊಟ ಹೊರೆಯಾಗುತ್ತದೆ.
ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. ಎಡ ಸೀಟು.
ಇದ್ದರೆ ನಲವತ್ತು ಕೇಜಿ ಮುದುಕಿ,
ಆದರೂ ಗಾಡಿ ಎಡಕ್ಕೆ ಒಂದು ಉಸಿರು ತಗ್ಗಿದ್ದು
ಸ್ಟೇರಿಂಗಿಗೆ ತಿಳಿಯಿತು.

ನೀಲಿ ಕಾಗದ ಕಚ್ಚಿಸಿ, ಮಸಿ ಹತ್ತಿದ ಕಡೆ
ಮರಳು ಕಾಗದ ತೋರಿಸಿದಷ್ಟು ಉಜ್ಜಿ ಕೊಟ್ಟೆ.
ವಾಪಸ್ಸು ಬರುವಾಗ ಸೆರಗಿನ ಗಂಟು ಬಿಚ್ಚಿ
ಹುರಿಗಡಲೆ ಬಾಯಿಗೆ ಹಾಕಿಕೊಂಡಳು.
ಹದಿಮೂರು ಹಂಪು ಮಾತಿಲ್ಲ, ಬರೀ ಅಗಿಯುವ ಸದ್ದು.
"ಈಗ ಕುಂತೈತೆ" ಅಂದಳು.

ಇಳಿಯುವಾಗ ಮಾತ್ರ ಬಾಗಿಲು ಹಿಡಿದು ಒದ್ದಾಡಿ ಬೈದಳು:
"ಹಲ್ಲು ನೋಡಿದ್ರೆ ಎತ್ತರ ಮಾಡ್ತೀಯ,
ಗಾಡಿ ನೋಡಿದ್ರೆ ಹೊಂಡ ಮಾಡಿಟ್ಟೀಯಲ್ಲೋ.
ಮನುಷ್ಯರು ಹತ್ತಿ ಇಳೀಬೇಕಲ್ಲಪ್ಪ ಇದ್ರಾಗೆ."

ಸೋಮವಾರ ಮತ್ತೆ ಭಟ್ಟಿಯ ಹೊಗೆ ದಾಟಿದೆ.
ಚಮನ್‌ಸಾಬರು ಟೇಪು ಎಳೆದು,
ಖಾಲಿ ಎಡ ಸೀಟಿನ ಕಡೆ ಗದ್ದ ತೋರಿಸಿ ಕೇಳಿದರು,
"ಈ ಸಲ ಎಷ್ಟು ಚೀಲ ಇಡ್ಲಿ?"