ನೀಲಿ ಪಟ್ಟಿಯ ಬಸ್ಸು

ಬ್ಯಾಂಕಾಕಿಗೆ ಹೋಗಿ ಬಂದೆವು ಎಂದರೆ
ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ನಂಬುವುದಿಲ್ಲ.
ಜವಳಿ ಅಂಗಡಿಯ ನಾಲ್ಕು ಹೆಂಗಸರು,
ಮೂರು ವರ್ಷ ಕಟ್ಟಿದ ಕುರಿ
(ನಮ್ಮಲ್ಲಿ ಕುರಿ ಎಂದರೆ ಚೀಟಿ, ಮೇಯುವಂಥದ್ದಲ್ಲ),
ಮೂರು ರಾತ್ರಿ, ನಾಲ್ಕು ಹಗಲು,
ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದೆಯಂತೆ.

ಖೈರುನ್ನೀಸಾ ಡಬ್ಬಿ ತುಂಬ ಅವಲಕ್ಕಿ ತಂದಳು,
ಲಿಲ್ಲಿ ಹೊಟ್ಟೆನೋವಿನ ಮಾತ್ರೆ,
ವಾರಿಜ ಹೆದರಿಕೆಯನ್ನೇ ಕಟ್ಟಿಕೊಂಡು ಬಂದಳು.
ನಾನು ತಂದದ್ದು ಅಮ್ಮನ ಉಪಾಯ.

ಅಮ್ಮ ಬದಿಯಡ್ಕದವಳು, ಐದನೆಯ ತನಕ ಕನ್ನಡ.
ಬಸ್ಸುಗಳ ಹಣೆಯ ಮೇಲೆ ಕೂತದ್ದು ಮಲಯಾಳ,
ಉರುಟು ಉರುಟಾಗಿ, ಕೋಡುಬಳೆ ಸುತ್ತಿಟ್ಟ ಹಾಗೆ,
ತಿನ್ನಲಿಕ್ಕೂ ಇಲ್ಲ, ಓದಲಿಕ್ಕೂ ಇಲ್ಲ.
ಹಾಗೆ ಅವಳು ಬಣ್ಣ ಓದಿದಳು.
ನೀಲಿ ಪಟ್ಟಿ ಪೆರ್ಲಕ್ಕೆ, ಹಸುರು ಮುಳ್ಳೇರಿಯಕ್ಕೆ,
ಎದುರಿನ ಗಾಜಿಗೆ ಸೇವಂತಿಗೆ ಮಾಲೆ ಬಿಟ್ಟದ್ದು ಕುಂಬಳೆಗೆ.
ಮಾಲೆಯ ಡ್ರೈವರ್ ರಜೆ ಹಾಕಿದ ದಿನ
ಚೆರ್ಕಳದಲ್ಲಿ ಇಳಿದು ಅತ್ತಳಂತೆ.
ಅದು ಅವಳು ಹೇಳಿದ್ದಲ್ಲ, ಚಿಕ್ಕಮ್ಮ ಹೇಳಿದ್ದು.

ಅಲ್ಲಿಯ ಅಕ್ಷರಕ್ಕೆ ತಲೆಯಲ್ಲೊಂದು ಸುಳಿ,
ಕೆಲವಕ್ಕೆ ಎರಡು. ತುಂಟ ಮಕ್ಕಳು.
ಲಿಲ್ಲಿ ಮೊಬೈಲು ಹಿಡಿದು ನಿಂತಲ್ಲೇ ಗಿರಗಿರ ತಿರುಗಿದಳು,
ನೀಲಿ ಚುಕ್ಕಿಯೂ ಅವಳೊಟ್ಟಿಗೆ ತಿರುಗಿತು.
ನಾನು ನೋಡಿಟ್ಟುಕೊಂಡೆ:
ಹಳದಿ ಹಲ್ಲಿನ ನಾಯಿ ಮಲಗಿದ ಔಷಧಿ ಅಂಗಡಿ,
ಅಲ್ಲಿಂದ ಎಡಕ್ಕೆ ಒಣಮೀನಿನ ಪರಿಮಳ,
ಅದು ಮುಗಿದಲ್ಲಿ ಮೆಟ್ಟಿಲು, ಮೆಟ್ಟಿಲ ಮೇಲೆ ರೈಲು.
ಕಾಲುವೆಯ ದೋಣಿಯಲ್ಲಿ ನೀರು ರಟ್ಟುವಾಗ
ಹಗ್ಗ ಎಳೆದು ತಾಡಪಾಲು ಏರಿಸಬೇಕು.
ಎಳೆದವಳು ಯಾರು ಗೊತ್ತುಂಟಾ? ವಾರಿಜ!
ದಡದ ಮುದುಕಿಯೊಬ್ಬಳಿಗೆ ಟಾಟಾ ಕೂಡ ಮಾಡಿದಳು.

ಅಲ್ಲಿ ದುಡ್ಡಿಗೆ ಬಾತ್ ಎಂದು ಹೆಸರು,
ಕೇಳಿದ ಕೂಡಲೇ ಲಿಲ್ಲಿಗೆ ಹಸಿವು.
ಹಲಸಿನ ಎಂಟು ತೊಳೆ ಗಾಜಿನಂಥ ಪೆಟ್ಟಿಗೆಯಲ್ಲಿ,
ಕೊಟ್ಟ ದುಡ್ಡಿಗೆ ನಮ್ಮಲ್ಲಿ ಮರವೇ ಬಂದೀತು,
ಕಾಗೆಗಳ ಸಮೇತ.
ಆದರೂ ತಿಂದೆವು, ಬೀಜ ಎಲ್ಲಿ ಎಂದು ಹುಡುಕಿದೆವು.
ತೆಂಗಿನ ಹಾಲಿನ ಅಂಟು ಅನ್ನ, ಮಾವಿನಹಣ್ಣು.
ಖೈರುನ್ನೀಸಾ ಚಂದ್ರನ ಗುರುತಿನ ಗಾಡಿ ಸಿಗುವ ತನಕ
ನಾಲ್ಕು ಬೀದಿ ನಡೆಸಿದಳು;
ಸಿಕ್ಕಿದ ಸಾರಿನಲ್ಲಿ ಮಜ್ಜಿಗೆಹುಲ್ಲು ತೇಲುತ್ತಿತ್ತು,
"ಇದು ನಮ್ಮ ಬಾವಿಕಟ್ಟೆಯದ್ದೇ" ಎಂದು ಸುಮ್ಮನಾದಳು.

ಮೂರನೆಯ ದಿನ, ಬಟ್ಟೆಯ ಸಂತೆ.
ಸುಮಾರು ನನ್ನದೇ ಪ್ರಾಯದವಳು,
ಕ್ಯಾಲ್ಕುಲೇಟರಿನಲ್ಲಿ ಮುನ್ನೂರ ಐವತ್ತು ಒತ್ತಿ ತೋರಿಸಿದಳು.
ನಾನು ನೂರ ಎಂಬತ್ತು ಒತ್ತಿದೆ.
ಅವಳು ಎದೆ ಹಿಡಿದುಕೊಂಡಳು, ಸತ್ತಂತೆ ನಟಿಸಿದಳು.
ನಾನು ಹೊರಟಂತೆ ನಟಿಸಿದೆ.
ಇಪ್ಪತ್ತೆರಡು ವರ್ಷ ಈ ನಾಟಕದ ಆಚೆ ಬದಿಯಲ್ಲಿ ನಿಂತವಳು ನಾನು,
ಯಾವ ಹೆಜ್ಜೆಗೆ ಕರೆಯುತ್ತಾರೆಂದು ಗೊತ್ತುಂಟು.
ಮೂರನೆಯದಕ್ಕೆ ಕರೆದಳು.

ಬಟ್ಟೆಯ ಅಂಚನ್ನು ನಾನು ಹೆಬ್ಬೆರಳಲ್ಲಿ ಉಜ್ಜಿದ್ದು,
ಬಿಚ್ಚಿದ್ದನ್ನು ಅದೇ ಗೆರೆಗೆ ಮಡಚಿಟ್ಟದ್ದು ನೋಡಿದಳು.
ನನ್ನ ಕಾಲು ನೋಡಿದಳು, ಹಿಮ್ಮಡಿಯ ಬಾವು.
ತಾನು ಕೂತಿದ್ದ ಕೆಂಪು ಸ್ಟೂಲನ್ನು
ಕಾಲಿನಿಂದಲೇ ನನ್ನ ಕಡೆ ತಳ್ಳಿದಳು.
ಬಟ್ಟೆಯಂಗಡಿಯಲ್ಲಿ ನಾನು ಕೂತದ್ದು ಅದೇ ಮೊದಲು.
ಎಷ್ಟಕ್ಕೆ ಕೊಂಡೆ ಎಂದು ಈಗ ನೆನಪಿಲ್ಲ,
ಎಷ್ಟೋ ಜಾಸ್ತಿಯೇ ಇರಬೇಕು.

ನಮ್ಮ ಅಂಗಡಿಯಲ್ಲೂ ಸ್ಟೂಲು ಉಂಟು.
ಅದರ ಮೇಲೆ ಬಿಲ್ಲುಪುಸ್ತಕ ಕೂರುತ್ತದೆ.
ಮೊನ್ನೆ ಬುಧವಾರ ಪುಸ್ತಕವನ್ನು ನೆಲಕ್ಕಿಟ್ಟೆ.
ಮೇನೇಜರ್ ಕೆಮ್ಮಿದರು.
ಕೆಮ್ಮಿಗೆ ನನ್ನ ಹತ್ತಿರ ಎಂತ ಮದ್ದುಂಟು?

ಅಮ್ಮ ಮಾತ್ರ ಬೇರೆ ಏನೂ ಕೇಳಲಿಲ್ಲ,
ಪರ್ಸು ಬೇಡ, ಸಾಬೂನಿನ ಹೂವು ಬೇಡ.
"ಅಲ್ಲಿ ರಾತ್ರಿ ರೂಮಿಗೆ ಬರುವ ಗಾಡಿಗೆ ಯಾವ ಬಣ್ಣ?"
ಗುಲಾಬಿ, ಅಮ್ಮ. ಗುಲಾಬಿ ಟ್ಯಾಕ್ಸಿ.
"ಗುಲಾಬಿ" ಎಂದಳು,
ಇನ್ನೊಮ್ಮೆ ತನಗೆ ತಾನೇ ಹೇಳಿಕೊಂಡಳು,
ನಾಳೆ ಒಬ್ಬಳೇ ಹೋಗಲಿಕ್ಕುಂಟು ಎಂಬ ಹಾಗೆ.