ಎರಡು ಗಜ ಕಡಿಮೆ

ನನ್ನಜ್ಜ ಆಡಿದವನಲ್ಲ. ಗೆರೆ ಎಳೆದವನು.
ಶನಿವಾರ ಸಂಜೆ ಸುಣ್ಣದ ಡಬ್ಬಿಗೆ ಚಕ್ರ ಕಟ್ಟಿಕೊಂಡು
ಒಹಾಯೋ ನದಿಯ ದಂಡೆಗೆ, ಟಿಲ್ಡನ್ ಫೆರಿಯ ಬಯಲಿಗೆ,
ಹತ್ತು ಗಜಕ್ಕೊಂದು ಬಿಳಿ ಗೆರೆ.
ಬೆಳಗಾದರೆ ಭಾನುವಾರ,
ಬೆಳಗಾದರೆ ಬ್ಲೋವರ್ಸ್ ತಂಡ.

ಗಾಜು ಊದುವವರು. ವಾರಕ್ಕೆ ಆರು ದಿನ
ಕೊಳವೆಗೆ ತುಟಿಯಿಟ್ಟು ಉಸಿರನ್ನು ಬಾಟಲಿ ಮಾಡುವವರು,
ಏಳನೆಯ ದಿನ ಅದೇ ಉಸಿರು
ತೊಗಲಿನ ಚೆಂಡಿಗೆ.
ಎಂಟು ವರ್ಷ ಪಂಪು ಕೊಳ್ಳಲಿಲ್ಲ, ಎನ್ನುತ್ತಿದ್ದ,
ದೆಸಿರೆ ಲಂಬಿಯೋ ಒಂದೇ ದಮ್ಮಿಗೆ ಊದಿ ಗಂಟು ಹಾಕುತ್ತಿದ್ದ.
ಅಜ್ಜನ ಮಾತಿನಲ್ಲಿ ಕಾಲುಭಾಗ ಒಗ್ಗರಣೆ.

ಇಪ್ಪತ್ತೆರಡನೆಯ ಇಸವಿ. ಲೀಗಿಗೆ ಸೇರಲು ನೂರು ಡಾಲರ್.
ಕಟುಕ ಹೈನ್‌ಮನ್ ಹದಿನೈದು ಕೊಟ್ಟ. ಪಾದ್ರಿ ಮೂರು ಕೊಟ್ಟು
ಯಾರಿಗೂ ಹೇಳಬೇಡಿ ಎಂದ. ಉಳಿದದ್ದು ಚಿಲ್ಲರೆ, ಒಂದು ಹೂಜಿಯಲ್ಲಿ.
ಹೂಜಿ ಒಡೆದೇ ಎಣಿಸಿದರು.
ನಮ್ಮೂರಲ್ಲಿ ಹೂಜಿಗೇನು ಬರ.

ಬಯಲಿನ ಒಂದು ತುದಿಗೆ ಕುಲುಮೆಯ ಗೋಡೆ,
ಇನ್ನೊಂದು ತುದಿಗೆ ನದಿ. ಗೋಲಿನಿಂದ ಗೋಲಿಗೆ ನೂರು ಗಜ ಬೇಕು,
ಸಿಕ್ಕಿದ್ದು ತೊಂಬತ್ತೆಂಟು.
ಅಜ್ಜ ಹತ್ತೂ ಮನೆಗಳಿಂದ ಏಳೇಳು ಇಂಚು ಕದ್ದ.
ಅಳೆಯುವ ಸರಪಳಿಯಿಂದಲೂ ಎರಡು ಕೊಂಡಿ ಕಿತ್ತು
ಹಿತ್ತಲ ಗೇಟಿನ ಚಿಲಕಕ್ಕೆ ಹಾಕಿದ.
ಲೀಗಿನಿಂದ ತನಿಖೆಯವನು ಬಂದ, ಗೂಟದಿಂದ ಗೂಟಕ್ಕೆ ನಡೆದ;
ಗಿಡ್ಡ ಆಳು, ಚಿಕ್ಕ ಹೆಜ್ಜೆ,
ನೂರಾನಾಲ್ಕು ಎಣಿಸಿ ಸಹಿ ಹಾಕಿ ಹೋದ.

ಮೋಸವಲ್ಲವೇ? ಕೇಳಿದ್ದೆ ಒಮ್ಮೆ.
‘ಬಂದವರಿಗೂ ಅದೇ ಏಳಿಂಚು, ನಮ್ಮವರಿಗೂ ಅದೇ.
ಮೋಸ ಲೀಗಿನದು. ದೊಡ್ಡೂರಿನ ಕಣ್ಣಿಗೆ ಬೆಣ್ಣೆ, ನಮ್ಮ ಕಣ್ಣಿಗೆ ಸುಣ್ಣ.
ಸುಣ್ಣವನ್ನಾದರೂ ನನ್ನ ಹತ್ತಿರ ಕೊಳ್ಳಬಹುದಿತ್ತು.’

ಇಪ್ಪತ್ತಾರರ ನವೆಂಬರ್. ಆಲಿಕಲ್ಲು, ಕೆಸರು,
ಯಾರ ಅಂಗಿ ಯಾವ ಬಣ್ಣ ತಿಳಿಯದ ಮಧ್ಯಾಹ್ನ.
ಆರು ಅಂಕ ಹಿಂದೆ. ನಾಲ್ಕನೆಯ ಸಲ, ಕೊನೆಯ ಸಲ.
ಬಾಟಲಿ ತೊಳೆಯುವ ಅಮೋಸ್ ಟ್ರೆಡ್ವೆಲ್ ಚೆಂಡನ್ನು ಅವುಚಿ
ಮೂರು ಜನರನ್ನು ಬೆನ್ನ ಮೇಲೆ ಹೊತ್ತು ನಡೆದು
ಬಿದ್ದ, ಕೈ ಚಾಚಿ.
ಸರಪಳಿ ಎಳೆದರು. ಊರು ಉಸಿರು ಹಿಡಿಯಿತು
(ಹಿಡಿಯುವುದು ಅವರಿಗೆ ಕಸುಬೇ ತಾನೆ).
ಒಂದು ಹೆಬ್ಬೆರಳಷ್ಟು ದಾಟಿತ್ತು.
ಟೋಪಿಗಳೆಲ್ಲ ಆಕಾಶಕ್ಕೆ.
ಅಜ್ಜನದೊಂದು ತಲೆಯ ಮೇಲೇ ಉಳಿಯಿತು.
ಏಳು–ಆರು. ಆ ವರ್ಷದ ಕಪ್ಪು ನಮ್ಮದು.

ಆಮೇಲೆ ಬಾಟಲಿ ಮಾಡುವ ಯಂತ್ರ ಬಂತು,
ಅದಕ್ಕೆ ಉಸಿರು ಬೇಡ.
ಮೂವತ್ತರಲ್ಲಿ ಕುಲುಮೆ ಆರಿತು. ತಂಡವನ್ನು ದೊಡ್ಡೂರಿಗೆ ಮಾರಿದರು:
ಅಗಸನ ಬಾಕಿ, ಡಾಕ್ಟರ ಬಾಕಿ, ರೈಲಿನ ಬಾಕಿ,
ಕೂಡಿಸಿದರೆ ಎಷ್ಟೋ ಅಷ್ಟಕ್ಕೆ.
ಕರಾರಿನಲ್ಲಿ ಹದಿನೆಂಟು ಹೆಸರು. ಟ್ರೆಡ್ವೆಲ್ ಹೆಸರಿರಲಿಲ್ಲ.
ಕಾರಣ ಬರೆದಿರಲಿಲ್ಲ. ಅವನ ಮೈಬಣ್ಣ
ಎಲ್ಲರಿಗೂ ಕಾಣುವಂಥದ್ದೇ ಆಗಿತ್ತು.
ಅವನು ಮರುದಿನವೂ ಬಯಲಿಗೆ ಬಂದ,
ಅಜ್ಜನ ಕೈಯಿಂದ ಸುಣ್ಣದ ಗಾಡಿ ತೆಗೆದುಕೊಂಡು
ಇಬ್ಬರೂ ಸೇರಿ ಗೆರೆ ಎಳೆದರು. ಯಾವ ಆಟಕ್ಕೋ.

ಈಗ ಆ ತಂಡಕ್ಕೆ ಚಾವಣಿಯ ಮೈದಾನ, ಎಪ್ಪತ್ತು ಸಾವಿರ ಕುರ್ಚಿ.
ಅವರ ಚರಿತ್ರೆಯ ಪುಸ್ತಕ ಮೂವತ್ತೊಂದರಿಂದ ಶುರು.
ಫೋನು ಮಾಡಿದ್ದೆ. ವಿನಯದ ಹುಡುಗ, ‘ಅದಕ್ಕೂ ಹಿಂದಿನದು
ದಾಖಲೆ ಇಲ್ಲ ಮೇಡಂ’ ಎಂದ.
ಕಪ್ಪು ಎಲ್ಲಿದೆ ಎಂದು ಕೇಳುವಷ್ಟರಲ್ಲಿ ಸಂಗೀತ ಹಾಕಿದ.

ಬಯಲಲ್ಲಿ ಟೈರಿನ ಅಂಗಡಿ. ಕಾರು ನಿಲ್ಲಿಸಲು ಬಿಳಿ ಗೆರೆ,
ಯಾರೋ ಸೊಟ್ಟಗೆ ಎಳೆದದ್ದು; ಅಜ್ಜ ನೋಡಿದ್ದರೆ ಬಯ್ಯುತ್ತಿದ್ದ.
ಮೊನ್ನೆ ಟೇಪು ಹಿಡಿದು ಅಳೆದೆ. ನದಿ ಮತ್ತಷ್ಟು ತಿಂದಿದೆ.

ಗೇಟು ಮಾತ್ರ ನನ್ನ ಬಳಿ ಇದೆ.
ರಾತ್ರಿ ಗಾಳಿಗೆ ಅಲುಗಿದರೆ
ಎರಡು ಕೊಂಡಿ ಒಂದಕ್ಕೊಂದು ತಾಗುತ್ತವೆ.
ಅಷ್ಟೇ ದೂರದಲ್ಲಿ ಅಮೋಸ್ ಟ್ರೆಡ್ವೆಲ್
ಇನ್ನೂ ಬಿದ್ದಿದ್ದಾನೆ, ಕೆಸರಲ್ಲಿ, ಕೈ ಚಾಚಿ.